ಬಾಡುತ್ತಿರುವ ಟೊಮೇಟೊ ಗಿಡಕ್ಕೆ 'ರೋಗನಿರೋಧಕ ಶಕ್ತಿ' ಕೊಡಲು ಹೋಗುವ ಮುನ್ನ

ಮಧ್ಯಾಹ್ನ ಬಾಡಿ ಸಂಜೆಗೆ ಚೇತರಿಸಿಕೊಳ್ಳುವ ಟೊಮೇಟೊ ಗಿಡ ನಿಮ್ಮ ಮಡಿಯಲ್ಲಿದ್ದರೆ, ಅದಕ್ಕೆ ಏನನ್ನಾದರೂ ಸಿಂಪಡಿಸುವ ಮೊದಲು ದಯವಿಟ್ಟು ಇದನ್ನು ಓದಿ. ನಾನು ಮಾಡಿದ ತಪ್ಪಿಗೆ ಇಪ್ಪತ್ತನಾಲ್ಕು ಗಿಡಗಳಲ್ಲಿ ಹತ್ತೊಂಬತ್ತು ಹೋದವು. ಅವುಗಳಲ್ಲಿ ಹೆಚ್ಚಿನವನ್ನು ಕೊಂದದ್ದು ರೋಗಕ್ಕಿಂತ ನನ್ನ ಉಪಚಾರವೇ ಎಂದು ಈಗ ಅನ್ನಿಸುತ್ತದೆ.

ಮೊದಲು ಬಾಡಿದ್ದು ಸಾಲಿನ ತುದಿಯಲ್ಲಿದ್ದ ಒಂದೇ ಗಿಡ. ಕಾಯಿ ಕಟ್ಟುವ ಹೊತ್ತಿನಲ್ಲಿ ಅದರ ಕುಡಿ ಎಲೆಗಳು ಬಿಸಿಲಿಗೆ ಜೋತುಬಿದ್ದವು, ಕತ್ತಲಾಗುತ್ತಲೇ ಮತ್ತೆ ನೆಟ್ಟಗಾದವು. ಎಲೆ ಹಳದಿಯಾಗಿರಲಿಲ್ಲ, ಚುಕ್ಕೆಯಿರಲಿಲ್ಲ, ಬೂಷ್ಟು ಇರಲಿಲ್ಲ. ಹಸಿರು ಹಸಿರಾಗಿಯೇ ಬಾಡುತ್ತಿತ್ತು. ಇದೇ ಮುಖ್ಯ ಲಕ್ಷಣವೆಂಬುದು ನನಗೆ ಹೊಳೆಯಲಿಲ್ಲ. ನೀರು ಸಾಲದೆಂದುಕೊಂಡು ಎರಡು ದಿನ ಹೆಚ್ಚು ನೀರು ಬಿಟ್ಟೆ. ಮೂರನೆಯ ಸಂಜೆ ಗಿಡ ಏಳಲಿಲ್ಲ, ಪಕ್ಕದ ಗಿಡವೂ ತಲೆ ಬಗ್ಗಿಸಿತು.

ಆಗ ನನಗೆ ನೆನಪಾದದ್ದು, ಗಿಡದ ರೋಗನಿರೋಧಕ ಶಕ್ತಿ ಹೆಚ್ಚಿಸಲೆಂದು ಆಸ್ಪಿರಿನ್ ಮಾತ್ರೆ ಕರಗಿಸಿ ಸಿಂಪಡಿಸುವ ಉಪಾಯ. ಇದರ ಹಿಂದೆ ನಿಜವಾದ ವಿಜ್ಞಾನವೇ ಇರುವುದರಿಂದ ಮೋಸಹೋಗುವುದು ಸುಲಭ. ಹೊಗೆಸೊಪ್ಪಿನ ಗಿಡದ ಕೆಲವು ಎಲೆಗಳಿಗೆ ಮೊಸಾಯಿಕ್ ವೈರಸ್ ತಗುಲಿಸಿದರೆ, ಕೆಲವು ದಿನಗಳ ನಂತರ ಅದೇ ಗಿಡದ ಉಳಿದ ಎಲೆಗಳೂ ಆ ವೈರಸ್ಸನ್ನು ತಡೆದುಕೊಳ್ಳುತ್ತವೆ ಎಂಬುದನ್ನು ಫ್ರಾಂಕ್ ರಾಸ್ 1961ರಲ್ಲಿ ತೋರಿಸಿದರು. ಹೊಗೆಸೊಪ್ಪಿನ ಎಲೆಗೆ ಆಸ್ಪಿರಿನ್ ದ್ರಾವಣ ಚುಚ್ಚಿದರೂ ವೈರಸ್ಸಿನ ಕಲೆಗಳು ಕಡಿಮೆಯಾಗುವುದನ್ನು 1979ರಲ್ಲಿ ಆರ್. ಎಫ್. ವೈಟ್ ಕಂಡರು. ಗಿಡ ತನ್ನ ರಕ್ಷಣೆಗಾಗಿ ತಾನೇ ತಯಾರಿಸುವ ಸ್ಯಾಲಿಸಿಲಿಕ್ ಆಮ್ಲಕ್ಕೆ ಆಸ್ಪಿರಿನ್ ಹತ್ತಿರದ ಸಂಬಂಧಿ. ಇಷ್ಟನ್ನು ಓದಿಕೊಂಡಿದ್ದ ನಾನು ಮುಖ್ಯವಾದದ್ದನ್ನು ಮರೆತೆ: ಆ ಪ್ರಯೋಗಗಳಲ್ಲಿ ಮದ್ದು ಮೊದಲು, ರೋಗಾಣು ನಂತರ. ನನ್ನ ಗಿಡದಲ್ಲಿ ರೋಗಾಣು ಆಗಲೇ ಮನೆಮಾಡಿತ್ತು.

ಲೀಟರ್ ನೀರಿಗೆ ನಾಲ್ಕು ಮಾತ್ರೆ ಕರಗಿಸಿ ಎಲ್ಲ ಗಿಡಗಳಿಗೂ ಸಿಂಪಡಿಸಿದೆ. ಮರುದಿನ ಎಲೆಗಳ ಅಂಚು ಸುಟ್ಟಂತೆ ಕಂದಾಗಿ ಮುದುರಿದವು, ಏಕೆಂದರೆ ಸಾಂದ್ರತೆ ಹೆಚ್ಚಾದರೆ ಇದೇ ರಾಸಾಯನಿಕ ಎಲೆಗೆ ವಿಷ. ಸುಟ್ಟ ಎಲೆಗಳು ಭಾರವಾಗದಿರಲೆಂದು ಒಂದೇ ಕತ್ತರಿಯಿಂದ ಸಾಲಿನುದ್ದಕ್ಕೂ ಸವರಿಕೊಂಡು ಹೋದದ್ದು ನನ್ನ ಇನ್ನೊಂದು ದೊಡ್ಡ ತಪ್ಪು. ಮುಂದಿನ ವಾರ ಗಿಡಗಳು ನಾನು ಸವರಿದ ಕ್ರಮದಲ್ಲೇ, ಆ ತುದಿಯಿಂದ ಈ ತುದಿಗೆ, ಒಂದರ ಹಿಂದೊಂದರಂತೆ ಬಾಡಿದವು. ಮಣ್ಣಿನ ನೀರಿನಲ್ಲಿ ಬೇರಿನಿಂದ ಬೇರಿಗೂ ಈ ರೋಗ ಹರಡುತ್ತದೆ ಎಂಬುದು ನಿಜವಾದರೂ, ಆ ಕ್ರಮವನ್ನು ನೋಡಿದ ಮೇಲೆ ಕತ್ತರಿಯನ್ನು ನಿರಪರಾಧಿ ಎನ್ನಲು ನನಗೆ ಸಾಧ್ಯವಿಲ್ಲ.

ಕೊನೆಗೆ ಒಬ್ಬ ಅನುಭವಿ ಬೆಳೆಗಾರರು ಹೇಳಿಕೊಟ್ಟ ಪರೀಕ್ಷೆಗೆ ಹಿಡಿದದ್ದು ಐದು ನಿಮಿಷ. ಬಾಡಿದ ಗಿಡದ ಕಾಂಡವನ್ನು ಬುಡದ ಹತ್ತಿರ ಕತ್ತರಿಸಿ, ಗೇಣುದ್ದದ ತುಂಡನ್ನು ತಿಳಿನೀರಿನ ಗಾಜಿನ ಲೋಟದಲ್ಲಿ ತುದಿ ಮಾತ್ರ ಮುಳುಗುವಂತೆ ನೇತುಹಾಕಿದೆ. ಲೋಟವನ್ನು ಅಲುಗಾಡಿಸದೆ ಬೆಳಕಿಗೆ ಎದುರಾಗಿ ನೋಡುತ್ತಿದ್ದಂತೆ, ಕತ್ತರಿಸಿದ ತುದಿಯಿಂದ ಹಾಲಿನಂತಹ ತೆಳ್ಳನೆಯ ಎಳೆಗಳು ಹೊಗೆಯ ಹಾಗೆ ಕೆಳಕ್ಕಿಳಿಯತೊಡಗಿದವು. ಆ ಬಿಳುಪೆಲ್ಲ ಬ್ಯಾಕ್ಟೀರಿಯಾ. ಇದು ರಾಲ್ಸ್ಟೋನಿಯಾ ಸೊಲನೇಸಿಯಾರಮ್ ಎಂಬ ದುಂಡಾಣುವಿನಿಂದ ಬರುವ ಸೊರಗು ರೋಗ. ಫ್ಯುಸೇರಿಯಂ ಶಿಲೀಂಧ್ರದ ಸೊರಗು ರೋಗದಲ್ಲಿ ಸಾಮಾನ್ಯವಾಗಿ ಕೆಳಗಿನ ಎಲೆಗಳು ಮೊದಲು ಹಳದಿಯಾಗಿ ಗಿಡ ನಿಧಾನವಾಗಿ ಸಾಯುತ್ತದೆ, ಲೋಟದಲ್ಲಿ ಹಾಲಿನ ಎಳೆ ಕಾಣುವುದಿಲ್ಲ.

ಇಷ್ಟೆಲ್ಲ ರಕ್ಷಣೆಗಳಿರುವ ಗಿಡ ಇದರ ಮುಂದೆ ಏಕೆ ಸೋಲುತ್ತದೆ ಎಂಬ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. ನಮ್ಮ ರಕ್ತದಲ್ಲಿರುವಂತೆ ಓಡಾಡಿ ಹೋರಾಡುವ ಕಣಗಳಾಗಲಿ, ಪ್ರತಿಕಾಯಗಳಾಗಲಿ ಗಿಡಕ್ಕಿಲ್ಲ. ಪ್ರತಿಯೊಂದು ಜೀವಕೋಶವೂ ತನ್ನನ್ನು ತಾನೇ ಕಾಯ್ದುಕೊಳ್ಳಬೇಕು. ಎಲೆಯ ಮೇಲೆ ಮೇಣದ ಪದರವಿದೆ, ಅಪಾಯ ತಿಳಿದೊಡನೆ ಪತ್ರರಂಧ್ರಗಳು ಮುಚ್ಚಿಕೊಳ್ಳುತ್ತವೆ, ಬ್ಯಾಕ್ಟೀರಿಯಾದ ಬಾಲದಲ್ಲಿರುವ ಫ್ಲಾಜೆಲಿನ್ ಎಂಬ ಪ್ರೋಟೀನಿನ 22 ಅಮೈನೋ ಆಮ್ಲಗಳ ಒಂದು ತುಣುಕನ್ನು ಗುರುತು ಹಿಡಿಯುವ ಗ್ರಾಹಕಗಳಿವೆ, ಇವೆಲ್ಲ ಸಾಲದಾದಾಗ ಸೋಂಕು ತಗುಲಿದ ಕೋಶ ತಾನೇ ಸತ್ತು ರೋಗಾಣುವಿನ ದಾರಿ ಕಟ್ಟುತ್ತದೆ. ಈ ದುಂಡಾಣುವಾದರೋ ಎಲೆಯ ತಂಟೆಗೇ ಬರುವುದಿಲ್ಲ. ಬೇರಿನ ಗಾಯದಿಂದಲೋ ಹೊಸ ಬೇರು ಒಡೆಯುವ ಬಿರುಕಿನಿಂದಲೋ ಒಳಹೊಕ್ಕು, ನೀರು ಸಾಗಿಸುವ ನಾಳಗಳನ್ನು ಸೇರುತ್ತದೆ. ಟೊಮೇಟೊ ಹುಡುಕುವ ಆ ತುಣುಕು ಇದರಲ್ಲಿ ಬೇರೆ ರೂಪದಲ್ಲಿರುವುದರಿಂದ ಮೊದಲ ಕಾವಲನ್ನು ಹೆಚ್ಚು ಸದ್ದಿಲ್ಲದೆ ದಾಟುತ್ತದೆ. ನೀರಿನ ನಾಳಗಳೋ ಸತ್ತ ಕೋಶಗಳ ಕೊಳವೆಗಳು. ಸತ್ತದ್ದು ಮತ್ತೆ ಪ್ರಾಣತ್ಯಾಗ ಮಾಡುವುದಾದರೂ ಹೇಗೆ? ಅಲ್ಲಿ ದುಂಡಾಣು ಸುರಿಸುವ ಲೋಳೆಯೇ ಕೊಳವೆಯನ್ನು ಕಟ್ಟುತ್ತದೆ. ಬಿಸಿಲೇರಿದಾಗ ಎಲೆ ಕೇಳುವಷ್ಟು ನೀರು ಮೇಲೇರದೆ ಗಿಡ ಬಾಡುತ್ತದೆ. ನಾನು ಹೆಚ್ಚಾಗಿ ಬಿಟ್ಟ ನೀರು ರೋಗಾಣುವಿಗಷ್ಟೇ ಉಪಕಾರವಾಯಿತು.

ಹಾಗೆಂದು ಎಲ್ಲ ಟೊಮೇಟೊಗಳೂ ನಿಸ್ಸಹಾಯಕವಲ್ಲ. ಹವಾಯಿ 7996 ಎಂಬ ತಳಿಯಲ್ಲಿ ನಾಳಗಳ ಸುತ್ತಲಿನ ಗೋಡೆಗಳು ಲಿಗ್ನಿನ್ (ಮರಕ್ಕೆ ಗಡಸುತನ ಕೊಡುವ ವಸ್ತು) ಮತ್ತು ಸುಬೆರಿನ್ (ಬೆಂಡಿನಲ್ಲಿರುವ ಮೇಣದಂಥ ವಸ್ತು) ತುಂಬಿಕೊಂಡು ಗಟ್ಟಿಯಾಗುತ್ತವೆ, ಒಳಹೊಕ್ಕ ದುಂಡಾಣು ಅಲ್ಲಿಯೇ ಸೆರೆಯಾಗುತ್ತದೆ. ಇಂಥ ಶಕ್ತಿ ಬರುವುದು ತಳಿಯಿಂದ. ಬಾಡಿದ ಮೇಲೆ ಬಾಟಲಿಯಿಂದ ಸುರಿದು ತರುವಂಥದ್ದಲ್ಲ, ಆದ್ದರಿಂದ 'ಗಿಡದ ಇಮ್ಯುನಿಟಿ ಹೆಚ್ಚಿಸುತ್ತದೆ' ಎಂದು ಯಾವ ರೋಗಕ್ಕೆಂದು ಹೇಳದೆ ಮಾರುವ ದ್ರಾವಣಗಳನ್ನು ಕಂಡರೆ ಈಗ ನಾನು ದೂರ ಸರಿಯುತ್ತೇನೆ. ಜೀವಂತ ಕೋಶವನ್ನು ಆಶ್ರಯಿಸಿ ಬದುಕುವ ರೋಗಾಣುಗಳಿಗೆ ಗಿಡ ಹೆಚ್ಚಾಗಿ ಸ್ಯಾಲಿಸಿಲಿಕ್ ಆಮ್ಲದ ಮಾರ್ಗ ಹಿಡಿಯುತ್ತದೆ, ಕೋಶವನ್ನು ಕೊಂದು ತಿನ್ನುವ ರೋಗಾಣುಗಳಿಗೂ ಎಲೆ ಜಗಿಯುವ ಹುಳುಗಳಿಗೂ ಜಾಸ್ಮೋನಿಕ್ ಆಮ್ಲದ ಮಾರ್ಗ ಹಿಡಿಯುತ್ತದೆ. ಅನೇಕ ಸಲ ಒಂದನ್ನು ಎಬ್ಬಿಸಿದರೆ ಇನ್ನೊಂದು ಕುಗ್ಗುವುದರಿಂದ, ಎಲ್ಲಕ್ಕೂ ಒಂದೇ ಶಕ್ತಿಮದ್ದು ಎಂಬ ಮಾತನ್ನು ನಂಬುವುದು ಕಷ್ಟ.

ಲೋಟದಲ್ಲಿ ಬಿಳಿ ಎಳೆ ಕಂಡರೆ ಆ ಗಿಡದ ಆಸೆ ಬಿಡಿ. ಬೇರು, ಅದರ ಸುತ್ತಲಿನ ಮಣ್ಣು ಸಮೇತ ಕಿತ್ತು ಚೀಲದಲ್ಲಿ ಕಟ್ಟಿ ಹೊರಹಾಕಿ. ಗೊಬ್ಬರದ ಗುಂಡಿಗೆ ಮಾತ್ರ ಹಾಕಬೇಡಿ. ಕತ್ತರಿಯನ್ನು ಪ್ರತಿ ಗಿಡಕ್ಕೂ ಶೇ. 70ರ ಆಲ್ಕೋಹಾಲಿನಲ್ಲಿ ಒರೆಸಿಕೊಳ್ಳಿ. ರೋಗಾಣು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುವುದರಿಂದ ಅದೇ ಜಾಗದಲ್ಲಿ ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಹಾಕಬೇಡಿ. ಖಾಲಿಯಾದ ಜಾಗಕ್ಕೆ ನಾನು ಬದನೆ ನೆಟ್ಟು, ಅದೂ ಹಸಿರಾಗಿಯೇ ಬಾಡಿದ್ದನ್ನು ಕಂಡವನು.

ಆ ಮಡಿಯಲ್ಲಿ ಈಗ ಮುಸುಕಿನ ಜೋಳವಿದೆ. ಇನ್ನೊಂದು ಅಂಚಿನಲ್ಲಿ, ರೋಗ ತಡೆಯುವ ಬೇರುಕಾಂಡಕ್ಕೆ (ಬೇರು ಕೊಡುವ ಕೆಳಭಾಗದ ಗಿಡಕ್ಕೆ) ಕಸಿ ಮಾಡಿದ ಟೊಮೇಟೊ ಸಸಿಗಳನ್ನು ಪರೀಕ್ಷೆಗೆಂದು ನೆಟ್ಟೆ. ಅವುಗಳಲ್ಲಿ ಒಂದು ಮಾತ್ರ ಬಾಡಿತು. ಕಿತ್ತು ನೋಡಿದರೆ ಕಸಿಯ ಗಂಟು ಮಣ್ಣಿನೊಳಗೆ ಹೂತುಹೋಗಿತ್ತು, ಗಂಟಿನ ಮೇಲ್ಭಾಗದ, ರೋಗ ತಡೆಯದ ಕಾಂಡದಿಂದ ಹೊಸ ಬೇರುಗಳು ಮಣ್ಣಿಗಿಳಿದಿದ್ದವು. ಕಸಿ ಸಸಿ ನೆಡುವವರು ಗಂಟು ಮಣ್ಣಿಗಿಂತ ಎರಡು ಬೆರಳಾದರೂ ಮೇಲಿರುವಂತೆ ನೋಡಿಕೊಳ್ಳಿ.