ಹಳೇ ಸಿಲಿಂಡರ್ ಒಲೆ ಗೋಬರ್ ಗ್ಯಾಸಿಗೆ: ಆರು ವರ್ಷ ಬಳಸಿದ ಮೇಲೆ

ನಮ್ಮದು ಶಿರಸಿ ಕಡೆ ಹಳ್ಳಿ. ಕೊಟ್ಟಿಗೆಯಲ್ಲಿ ಐದು ದನ, ಹಿತ್ತಲಲ್ಲಿ 2 ಘನ ಮೀಟರಿನ, ದೀನಬಂಧು ಅನ್ನುವ ಮಾದರಿಯ ಗೋಬರ್ ಗ್ಯಾಸ್ ಘಟಕ. ಅದನ್ನು ಕಟ್ಟಿಸಿದಾಗ ಹೊಸ ಒಲೆ ಯಾಕೆ ಅಂತ, ಮನೆಯಲ್ಲಿದ್ದ ಎರಡು ಬರ್ನರಿನ ಸಿಲಿಂಡರ್ ಒಲೆಯನ್ನೇ ಬದಲಾಯಿಸಿಕೊಂಡೆವು.

ಶುರುವಿನಲ್ಲಿ ಸೋತೆವು. ಪೇಟೆಯಲ್ಲಿ ಒಲೆ ರಿಪೇರಿ ಮಾಡುವವರೊಬ್ಬರು ಬರ್ನರಿಗೆ ಗ್ಯಾಸ್ ಬಿಡುವ ಜೆಟ್ಟಿನ ತೂತು ದೊಡ್ಡದು ಮಾಡಿ ಕೊಟ್ಟರು, ಅಷ್ಟೇ. ತೂತು ದೊಡ್ಡದಾಗಲೇಬೇಕು, ನಿಜ. ಗೋಬರ್ ಗ್ಯಾಸಿನಲ್ಲಿ ಉರಿಯುವ ಮೀಥೇನ್ ಶೇಕಡಾ 60ರ ಆಸುಪಾಸು, ಉಳಿದದ್ದು ಹೆಚ್ಚಾಗಿ ಇಂಗಾಲದ ಡೈಆಕ್ಸೈಡ್. ಅಷ್ಟೇ ಅಳತೆಯ ಎಲ್‌ಪಿಜಿಯ ಕಾಲು ಭಾಗದಷ್ಟೂ ಕಾವು ಇದಕ್ಕಿಲ್ಲ. ಆದರೆ ಗ್ಯಾಸಿನ ಜೊತೆ ಸೇರುವ ಗಾಳಿಯನ್ನು ಕಡಿಮೆ ಮಾಡುವುದನ್ನು ಅವರು ಮರೆತಿದ್ದರು. ಕಡ್ಡಿ ಗೀರಿದರೆ ಉರಿ ಬರ್ನರ್ ಬಿಟ್ಟು ಮೇಲಕ್ಕೆ ಹಾರುತ್ತಿತ್ತು, ಪುಸ್ ಅಂತ ಆರುತ್ತಿತ್ತು. ಆಮೇಲೆ ಗೋಬರ್ ಗ್ಯಾಸ್ ಕಟ್ಟಿದ ಮೇಸ್ತ್ರಿಯೇ ಬಂದು ಒಲೆ ಮಗುಚಿ, ಜೆಟ್ಟಿನ ಹತ್ತಿರದ ಗಾಳಿ ಕಿಂಡಿಯನ್ನು ತಗಡಿನಿಂದ ಸ್ವಲ್ಪ ಸ್ವಲ್ಪವೇ ಮುಚ್ಚುತ್ತಾ ಹೋದರು. ಅರ್ಧಕ್ಕಿಂತ ಜಾಸ್ತಿ ಮುಚ್ಚಿದಾಗ ಉರಿ ಬರ್ನರಿಗೆ ಕೂತಿತು. ಅವತ್ತಿನಿಂದ ಆ ತಗಡು ಅಲ್ಲೇ ಇದೆ.

ಅನ್ನ, ಸಾರು, ಹಾಲು, ಚಾ ಎಲ್ಲ ಇದರಲ್ಲೇ. ಪಾತ್ರೆಗೆ ಕರಿ ಹಿಡಿಯುವುದಿಲ್ಲ. ಉರಿ ಎಷ್ಟು ತಿಳಿನೀಲಿ ಅಂದರೆ ಹಗಲು ಬೆಳಕಲ್ಲಿ ಕಾಣುವುದೇ ಕಷ್ಟ. ಮಕ್ಕಳಿರುವ ಮನೆಯವರು ಇದನ್ನು ಗಮನದಲ್ಲಿ ಇಟ್ಟುಕೊಳ್ಳಿ. ಬೆಳಗಿನ ಮೊದಲ ಚಾಕ್ಕೆ ಉರಿ ಜೋರು. ಗ್ಯಾಸ್ ಖರ್ಚಾದ ಹಾಗೆ ಒತ್ತಡ ಇಳಿದು ಮಂದವಾಗುತ್ತದೆ. ತೆಳ್ಳೇವಿಗೆ, ಅಂದರೆ ನಮ್ಮ ಕಡೆಯ ತೆಳು ದೋಸೆಗೆ, ಕಾವಲಿ ಒಂದೇ ಸಮ ಕಾಯಬೇಕು, ಅಲ್ವಾ? ಅದಕ್ಕೆ ಇದು ಸಾಲದು. ತೆಳ್ಳೇವಿಗೆ ಅಂತಲೇ ಸಿಲಿಂಡರಿನ ಒಂದು ಸಣ್ಣ ಒಲೆ ಬೇರೆ ಇಟ್ಟುಕೊಂಡಿದ್ದೇನೆ.

ಮಳೆಗಾಲದ ಥಂಡಿಗೆ ಗ್ಯಾಸೇ ಕಡಿಮೆ ಹುಟ್ಟುತ್ತದೆ. ಜೊತೆಗೆ ಪೈಪಿನಲ್ಲಿ ನೀರು ಕೂರುತ್ತದೆ. ಉರಿ ಒಮ್ಮೆ ಏರಿ ಒಮ್ಮೆ ಇಳಿದು ಕುಣಿಯತೊಡಗಿದರೆ ನೀರು ಬಂದಿದೆ ಅಂತಲೇ ಲೆಕ್ಕ. ಪೈಪು ತಗ್ಗಾದ ಜಾಗದಲ್ಲಿ ಒಂದು ನಲ್ಲಿ ಹಾಕಿಸಿದ್ದೇವೆ. ಒಲೆ ಆರಿಸಿ, ಅದನ್ನು ತಿರುಗಿಸಿ ನೀರು ಬಿಟ್ಟರೆ ಸರಿಹೋಗುತ್ತದೆ. ಈ ಗ್ಯಾಸಿನಲ್ಲಿರುವ ಗಂಧಕದ ಅಂಶಕ್ಕೆ ಹಿತ್ತಾಳೆ ಜೆಟ್ಟು, ಬರ್ನರ್ ಕಪ್ಪಾಗುತ್ತವೆ. ತಿಂಗಳಿಗೊಮ್ಮೆ ಬಿಚ್ಚಿ ಉಜ್ಜುತ್ತೇನೆ. ಆರು ವರ್ಷದಲ್ಲಿ ಬರ್ನರ್ ಎರಡು ಸಲ ಬದಲಾಯಿತು.

ಒಂದು ಮಾತು ಮಾತ್ರ ದಯವಿಟ್ಟು ಮರೆಯಬೇಡಿ. ಹೀಗೆ ಬದಲಾಯಿಸಿದ ಒಲೆಗೆ ಮತ್ತೆ ಸಿಲಿಂಡರ್ ಜೋಡಿಸಬಾರದು. ಒಮ್ಮೆ ಮನೆಯಲ್ಲಿ ಶ್ರಾದ್ಧ. ಗ್ಯಾಸ್ ಸಾಲಲಿಲ್ಲ ಅಂತ ನಮ್ಮ ಭಾವ ಗೊತ್ತಿಲ್ಲದೆ ಸಿಲಿಂಡರಿನ ಪೈಪನ್ನು ಇದಕ್ಕೇ ಸಿಕ್ಕಿಸಿದರು. ಹಳದಿ ಉರಿ ಪಾತ್ರೆ ದಾಟಿ ಗೇಣುದ್ದ ಎದ್ದಿತು. ಪಕ್ಕದಲ್ಲಿದ್ದ ಅತ್ತೆ ತಕ್ಷಣ ರೆಗ್ಯುಲೇಟರ್ ಬಂದ್ ಮಾಡಿದ್ದಕ್ಕೆ ಉಳಿದೆವು. ಮರುದಿನವೇ ಒಲೆಯ ಮುಂಭಾಗಕ್ಕೆ ಕೆಂಪು ಬಣ್ಣದಲ್ಲಿ ‘ಗೋಬರ್ ಗ್ಯಾಸ್ ಮಾತ್ರ’ ಅಂತ ಬರೆದೆ.

ಮೊದಲು ಒಂದೂವರೆ ತಿಂಗಳಿಗೆ ಮುಗಿಯುತ್ತಿದ್ದ ಸಿಲಿಂಡರ್ ಈಗ ಐದು ತಿಂಗಳು ಬರುತ್ತದೆ. ಹಳೇ ಒಲೆ ಸುಮ್ನೆ ಬಿದ್ದಿದ್ದರೆ, ಗಾಳಿ ಕಿಂಡಿಯ ಕೆಲಸ ಗೊತ್ತಿರುವವರ ಕೈಯಲ್ಲಿ ಮಾಡಿಸಿಕೊಳ್ಳಿ. ಒಲೆ ಕೊಳ್ಳಲೇಬೇಕು ಅಂತಿದ್ದರೆ ಗೋಬರ್ ಗ್ಯಾಸಿಗೆ ಅಂತಲೇ ಮಾಡಿದ್ದು ಸಿಗುತ್ತದೆ, ಅದನ್ನೇ ತನ್ನಿ.