ಒಂಬತ್ತು ಪೌಂಡಿನ ತೇವಾಂಶ ಮೀಟರು, ಮತ್ತು ನಮ್ಮ ಮರಗಪ್ಪೆ ಗುಂಡಣ್ಣ

ಜನವರಿಯಲ್ಲಿ ಹಲವು ದಿನ ನಮ್ಮ ಗುಂಡಣ್ಣ ನೀರಿನ ಬಟ್ಟಲು ಬಿಟ್ಟು ಮೇಲೇಳಲಿಲ್ಲ. ಆಸ್ಟ್ರೇಲಿಯಾ ಮೂಲದ ವೈಟ್ಸ್ ಮರಗಪ್ಪೆ ಅವನು. ಇಲ್ಲಿ ಇಂಗ್ಲೆಂಡಿನಲ್ಲೇ ಸಾಕಿದ ಕಪ್ಪೆಗಳಿಗೆ ಹುಟ್ಟಿದವನು. ಎಲೆಹಸಿರು ಮೈ ಒಣಗಿದ ಅಡಿಕೆ ಸಿಪ್ಪೆಯ ಬಣ್ಣಕ್ಕೆ ತಿರುಗಿತ್ತು. ಬೆನ್ನ ಮೇಲೆ ಪೊರೆ ಅರ್ಧ ಕಳಚಿ ಅಂಟಿಕೊಂಡಿತ್ತು. ಗಾಜಿನ ಪೆಟ್ಟಿಗೆಯ ಜೊತೆ ಬಂದಿದ್ದ ಮುಳ್ಳಿನ ಮೀಟರು ಮಾತ್ರ ಗಾಳಿಯ ತೇವಾಂಶ ಶೇಕಡಾ 60 ಅಂತ ತೋರಿಸುತ್ತಿತ್ತು. ಈ ಜಾತಿಗೆ 50ರಿಂದ 60 ಇದ್ದರೆ ಸಾಕು. ಅದನ್ನೇ ನಂಬಿ ನಾನು ಬೇರೆಲ್ಲ ಕಡೆ ತಪ್ಪು ಹುಡುಕಿದೆ. ನೀರು ಬದಲಿಸಿದೆ, ಅವನ ಊಟಕ್ಕೆ ಚಿಮ್ಮಂಡೆ ಹುಳು ತರುವ ಅಂಗಡಿ ಬದಲಿಸಿದೆ, ಪೆಟ್ಟಿಗೆಯನ್ನು ಬೆಚ್ಚಗಿಡುವ ಹೀಟ್ ಮ್ಯಾಟ್‌ನ ಥರ್ಮೋಸ್ಟಾಟ್ ಬಿಚ್ಚಿ ನೋಡಿದೆ.

ಕೊನೆಗೆ ಒಂಬತ್ತು ಪೌಂಡ್ ಕೊಟ್ಟು ವೈರಿನ ತುದಿಗೆ ಪ್ರೋಬ್ (ತೇವ ಅಳೆಯುವ ತುದಿ) ಇರುವ ಡಿಜಿಟಲ್ ಮೀಟರು ತಂದೆ. ಪಕ್ಕದಲ್ಲಿಟ್ಟರೆ ಅದು 41 ಅಂದಿತು! ಯಾವುದನ್ನು ನಂಬುವುದು? ಇದಕ್ಕೆ ಉಪ್ಪಿನ ಪರೀಕ್ಷೆ ಇದೆ, ದಯವಿಟ್ಟು ಎಲ್ಲರೂ ಮಾಡಿ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಒದ್ದೆ ಮರಳಿನ ಹದಕ್ಕೆ ಬರುವಷ್ಟು ಹನಿ ನೀರು ಬಿಡಿ. ಉಪ್ಪು ಪೂರ್ತಿ ಕರಗಬಾರದು. ಆ ಮುಚ್ಚಳವನ್ನೂ ಮೀಟರನ್ನೂ ಜಿಪ್ ಕವರಿನಲ್ಲಿ ಹಾಕಿ, ಗಾಳಿಯಾಡದ ಹಾಗೆ ಮುಚ್ಚಿ ರಾತ್ರಿಯಿಡೀ ಬಿಡಿ. ಒಳಗಿನ ತೇವಾಂಶ ಸುಮಾರು 75ಕ್ಕೆ ಬಂದು ನಿಲ್ಲುತ್ತದೆ. ಬೆಳಗ್ಗೆ ನೋಡಿದರೆ ಹೊಸದರಲ್ಲಿ 74, ಹಳೆಯದರಲ್ಲಿ 93. ಮುಳ್ಳಿನ ಮೀಟರನ್ನು ಆವತ್ತೇ ಕಸಕ್ಕೆ ಹಾಕಿದೆ.

ಚಳಿಗಾಲದಲ್ಲಿ ದಿನವಿಡೀ ಉರಿಯುವ ರೇಡಿಯೇಟರು ಕೋಣೆಯ ಗಾಳಿಯನ್ನು ಒಣಗಿಸುತ್ತಿತ್ತು, ಪೆಟ್ಟಿಗೆಯೊಳಗಿನ ತೇವವೂ ಮೇಲಿನ ಜಾಲರಿಯಿಂದ ಹೊರಟುಹೋಗುತ್ತಿತ್ತು. ಜಾಲರಿಯ ಅರ್ಧ ಭಾಗಕ್ಕೆ ಅಕ್ರಿಲಿಕ್ ಹಾಳೆ ಮುಚ್ಚಿದೆ, ಸಂಜೆ ಒಂದು ಸಲ ನೀರು ಸಿಂಪಡಿಸತೊಡಗಿದೆ. ಪೂರ್ತಿ ಮುಚ್ಚಬೇಡಿ. ಗಾಳಿಯಾಡದೆ ಸದಾ ಒದ್ದೆಯಿದ್ದರೆ ಬೂಷ್ಟು ಹಿಡಿಯುತ್ತದೆ, ಕಪ್ಪೆಯ ಚರ್ಮಕ್ಕೆ ಸೋಂಕು ತಗಲುತ್ತದೆ. ಕಪ್ಪೆ ಬಾಯಿಂದ ನೀರು ಕುಡಿಯುವುದಿಲ್ಲ, ಹೊಟ್ಟೆಯ ಚರ್ಮದಿಂದ ಹೀರಿಕೊಳ್ಳುತ್ತದೆ. ಹಾಗಾಗಿ ಸಿಂಪಡಿಸುವ ನಲ್ಲಿ ನೀರಿಗೂ ಕಂಡಿಷನರ್ (ಕ್ಲೋರಿನ್, ಕ್ಲೋರಮೈನ್‌ಗಳನ್ನು ನಿವಾರಿಸುವ ದ್ರವ) ಹಾಕಲೇಬೇಕು. ನೀರನ್ನು ರಾತ್ರಿಯಿಡೀ ತೆರೆದಿಟ್ಟರೆ ಕ್ಲೋರಿನ್ ಹೋದೀತು, ಕ್ಲೋರಮೈನ್ ಹೋಗುವುದಿಲ್ಲ.

ಹಾಳೆ ಮುಚ್ಚಿದ ಆರನೇ ರಾತ್ರಿ ಗುಂಡಣ್ಣ ಬಟ್ಟಲಿನಿಂದ ಎದ್ದು ಗಾಜಿಗೆ ಅಂಟಿಕೊಂಡ. ಬೆನ್ನು ಗೂನು ಮಾಡಿ, ಆಕಳಿಸುವಂತೆ ಮತ್ತೆ ಮತ್ತೆ ಬಾಯಿ ತೆರೆದ. ಆಮೇಲೆ ಮುಂಗೈಗಳಿಂದ, ಮಕ್ಕಳು ಒದ್ದೆ ಬನಿಯನ್ ತಲೆಯ ಮೇಲಿಂದ ಎಳೆದುಕೊಳ್ಳುವ ಹಾಗೆ, ಪೊರೆಯನ್ನು ಎಳೆದೆಳೆದು ಬಾಯಿಗೆ ತುರುಕಿಕೊಂಡ. ನುಂಗುವಾಗ ಎರಡು ಕಣ್ಣೂ ತಲೆಯೊಳಗೆ ಇಳಿದು ಮೇಲೆ ಬಂದವು. ತುತ್ತನ್ನು ಒಳಗೆ ದೂಡಲು ಕಪ್ಪೆಗಳಿಗೆ ಕಣ್ಣುಗುಡ್ಡೆಯ ಒತ್ತೂ ನೆರವಾಗುತ್ತದೆ. ಮಗಳೂ ನಾನೂ ಉಸಿರು ಬಿಗಿಹಿಡಿದು ನೋಡಿದೆವು. ಬೆಳಗ್ಗೆ ಮೈ ಮತ್ತೆ ಹಸಿರು.

ಮಲೆನಾಡಿನ ಸಾಗರ ಊರಿನ ನಮ್ಮ ಮನೆಯ ಬಾವಿಯ ಮೇಲೆ ಬಾಗಿದ ಕೊಂಬೆಗೆ ಮಳೆಗಾಲದಲ್ಲಿ ಮರಗಪ್ಪೆಗಳು ನೊರೆಗೂಡು ಕಟ್ಟುತ್ತಿದ್ದವು. ಅಲ್ಲಿ ತೇವವನ್ನು ಯಾರೂ ಅಳೆಯಬೇಕಿರಲಿಲ್ಲ. (ಅವನ್ನು ಹಿಡಿದು ತಂದು ಸಾಕುವ ಯೋಚನೆ ಬೇಡವೇ ಬೇಡ, ಅವು ಕಾಡಿನವು.)

ಮೀಟರಿನಲ್ಲಿ ಕೊರತೆಗಳೂ ಇವೆ. ಪ್ರೋಬ್ ಮೇಲೆ ನೀರು ಬಿದ್ದರೆ ಒಂದು ಗಂಟೆ 99 ತೋರಿಸುತ್ತಲೇ ಇರುತ್ತದೆ, ಆದ್ದರಿಂದ ಸ್ಪ್ರೇ ತಾಗದ ಮೂಲೆಯಲ್ಲಿ, ಕಪ್ಪೆ ಕೂರುವ ಎತ್ತರಕ್ಕೆ ತೂಗುಹಾಕಿ. ಪ್ರೋಬನ್ನು ಗಾಜಿಗೆ ಅಂಟಿಸುವ ಪುಟ್ಟ ರಬ್ಬರ್ ಬಟ್ಟಲು (ಸಕ್ಷನ್ ಕಪ್) ಎರಡೇ ವಾರದಲ್ಲಿ ಕಳಚಿ ಬಿತ್ತು. ಇದು ಚಿಕ್ಕ ಮಾತಲ್ಲ. ಈ ಕಪ್ಪೆ ಕಣ್ಣೆದುರು ಅಲುಗಿದ್ದನ್ನೆಲ್ಲ ನುಂಗುತ್ತದೆ. ನಾನು ಅದನ್ನು ತೆಗೆದುಹಾಕಿ, ವೈರನ್ನು ಜಾಲರಿಗೇ ದಾರದಿಂದ ಬಿಗಿದಿದ್ದೇನೆ. ಐದಕ್ಕೆ ನಾಲ್ಕು ನಕ್ಷತ್ರ ಕೊಡುತ್ತೇನೆ. ಗುಂಡಿ ಬ್ಯಾಟರಿ ಎರಡು ಬೇಕು, ಜೊತೆಗೇ ಕೊಟ್ಟಿರುತ್ತಾರೆ.