ಹರುನೊಬುವಿನ ‘ಹಿಮದ ಪ್ರೇಮಿಗಳು’ ಕೊಳ್ಳುವ ಮುನ್ನ ಚೌಕಟ್ಟು ಬಿಚ್ಚಿಸಿ

ಕಪ್ಪು ಬಟ್ಟೆಯ ಹುಡುಗ, ಬಿಳಿ ಬಟ್ಟೆಯ ಹುಡುಗಿ, ಇಬ್ಬರಿಗೂ ಒಂದೇ ಕೊಡೆ, ಸುತ್ತ ಹಿಮ. 18ನೇ ಶತಮಾನದ ಜಪಾನಿ ಕಲಾವಿದ ಸುಜುಕಿ ಹರುನೊಬುವಿನ ಈ ಮರದಚ್ಚಿನ (ಕೆತ್ತಿದ ಹಲಗೆಗೆ ಬಣ್ಣ ಬಳಿದು ಕಾಗದಕ್ಕೆ ಒತ್ತಿದ) ಚಿತ್ರಕ್ಕೆ ‘ಕಾಗೆ ಮತ್ತು ಬಕ’ ಎಂಬ ಹೆಸರೂ ಇದೆ. ಬಹಳ ಜನ ಆಸೆಪಡುವ ಚಿತ್ರ, ಹಾಗಾಗಿ ಮೋಸವೂ ಬಹಳ.

‘18ನೇ ಶತಮಾನದ ಮೂಲ ಪ್ರತಿ’ ಎಂದು ಆನ್‌ಲೈನ್‌ನಲ್ಲಿ ಚೌಕಟ್ಟಿನ ಸಮೇತ ಮಾರಿದ ಒಂದು ಪ್ರತಿಯ ಕತೆ ಕೇಳಿ. ಕೊಂಡವರು ಅದನ್ನು ಹಾಗೇ ಗೋಡೆಗೆ ನೇತುಹಾಕಿದರು. ಬಿಚ್ಚಿಸಿ ನೋಡುವ ಹೊತ್ತಿಗೆ ವಾಪಸ್ ಮಾಡುವ ಗಡುವು ಮುಗಿದಿತ್ತು. ಚಿತ್ರದ ಸುತ್ತಲಿನ ರಟ್ಟಿನ ಅಂಚಿನಡಿ, ಕೆಳಗಿನ ಬಿಳಿ ಜಾಗದಲ್ಲಿ, ಮರುಮುದ್ರಣ ಮಾಡಿದವರ ಹೆಸರೇ ಅಚ್ಚಾಗಿತ್ತು. 10 ಪಟ್ಟು ಹಿಗ್ಗಿಸುವ ಮಸೂರದಲ್ಲಿ ಕೊಡೆಯ ತಿಳಿ ಬಣ್ಣವೆಲ್ಲ ಕೆಂಪು, ಹಳದಿ, ನೀಲಿ ಚುಕ್ಕಿಗಳ ಜಾಲ: ಯಂತ್ರದ ಆಫ್‌ಸೆಟ್ ಮುದ್ರಣ. ಮರದಚ್ಚಿನಲ್ಲಿ ಚುಕ್ಕಿ ಇರುವುದಿಲ್ಲ. ಬಣ್ಣ ಕಾಗದದ ನಾರಿಗೆ ಇಳಿದಿರುತ್ತದೆ.

ಚುಕ್ಕಿ ಕಾಣದಿದ್ದರೆ ಗೆದ್ದೆವು ಅಂದುಕೊಳ್ಳಬೇಡಿ. ಹೊಸದಾಗಿ ಹಲಗೆ ಕೆತ್ತಿ ಕೈಯಿಂದಲೇ ಒತ್ತಿದ ನಕಲುಗಳಿವೆ. ಅವುಗಳ ಬೆನ್ನಿನಲ್ಲೂ ಬರೆನ್ (ಕಾಗದವನ್ನು ಹಲಗೆಗೆ ಒತ್ತಿ ಉಜ್ಜುವ ದುಂಡನೆಯ ಸಾಧನ) ಉಜ್ಜಿದ ಸುತ್ತುಗುರುತು ಇರುತ್ತದೆ, ಹಿಮದ ಜಾಗದಲ್ಲಿ ಕಾಗದ ಉಬ್ಬಿರುತ್ತದೆ. ಹರುನೊಬು 1770ರಲ್ಲಿ ತೀರಿಕೊಂಡ ಮೇಲೆ ಶಿಬಾ ಕೋಕನ್ ಎಂಬ ಇನ್ನೊಬ್ಬ ಕಲಾವಿದ ಅವನ ಹೆಸರಲ್ಲೇ ಚಿತ್ರ ಮಾಡಿ, ಮುಂದೆ ತಾನೇ ಅದನ್ನು ಬರೆದು ಒಪ್ಪಿಕೊಂಡ. ಅಂದರೆ ಕಾಗದ ಹಳೆಯದಾಗಿದ್ದರೂ ಸಾಲದು.

ಹೆಚ್ಚು ನೆಚ್ಚಬಹುದಾದದ್ದು ಗೆರೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದ ಪ್ರತಿ ಆನ್‌ಲೈನ್‌ನಲ್ಲಿದೆ. ಅದನ್ನು ದೊಡ್ಡದು ಮಾಡಿ, ಹಣೆಯಂಚಿನ ಕೂದಲು, ಬೆರಳು, ಬಟ್ಟೆಯ ಮಡಿಕೆ ಇಷ್ಟನ್ನು ಪಕ್ಕಪಕ್ಕ ಇಟ್ಟು ನೋಡಿ. ಒಂದೇ ಹಲಗೆಯಾದರೆ ಗೆರೆಯ ತಿರುವು, ದಪ್ಪ, ತುದಿ ಎಲ್ಲ ಕೂಡಬೇಕು. ಹಲಗೆ ಸವೆದು ಗೆರೆ ಅಲ್ಲಲ್ಲಿ ತುಂಡಾಗಬಹುದು, ತಿರುವು ಬದಲಾಗುವುದಿಲ್ಲ. ಬದಲಾಗಿದ್ದರೆ ಅದು ಬೇರೆ ಹಲಗೆ.

ಬಣ್ಣವನ್ನೂ ಗಮನಿಸಿ. ಆ ಕಾಲದಲ್ಲಿ ಹೂವಿನಿಂದ ತೆಗೆದ ನೀಲಿ ಬಣ್ಣವು ಬೆಳಕಿಗೆ, ತೇವಕ್ಕೆ ಮಾಸಿ ಕಂದು ಬಣ್ಣಕ್ಕೆ ತಿರುಗುತ್ತದೆ. ಕುಸುಬೆಯ ಕೆಂಪೂ ಬಿಳಿಚಿಕೊಳ್ಳುತ್ತದೆ. 250 ವರ್ಷ ದಾಟಿದ ಪ್ರತಿಯಲ್ಲಿ ಇವೆರಡರ ಬೆರಕೆಯಾದ ನೇರಳೆ ಇನ್ನೂ ಕಡುವಾಗಿ ಹೊಳೆಯುತ್ತಿದ್ದರೆ ಅನುಮಾನಪಡಿ.

ದುಡ್ಡು ಕೊಡುವ ಮುಂಚೆ ಚೌಕಟ್ಟಿನಿಂದ ಹೊರತೆಗೆದ ಪೂರ್ತಿ ಹಾಳೆ, ಅದರ ಬೆನ್ನು, ಪಕ್ಕದಿಂದ ಬೆಳಕು ಬಿಟ್ಟ ನೋಟ, ಅಳತೆಪಟ್ಟಿ ಇಟ್ಟ ನೋಟ, ಈ ನಾಲ್ಕು ಫೋಟೊ ಕೇಳಿ. ಹಾಳೆ ಸುಮಾರು 28×21 ಸೆಂ.ಮೀ. ಇರಬೇಕು. ಚೌಕಟ್ಟು ಬಿಚ್ಚಲಾಗದು ಎನ್ನುವವರಿಂದ ಕೊಳ್ಳಬೇಡಿ.